ಮೂರನೇ ಟೇಬಲ್‌ನ ಧೂಳು

ಕೊರೊನಾ ಮುಗಿದು ಊರಿಗೆ ಊರೇ ಮಾಸ್ಕ್ ಕಿತ್ತು ಬಿಸಾಕಿದ ವರ್ಷವದು. ನಾನು ದೊಡ್ಡನೆಕ್ಕುಂದಿ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಕ್ಲೀನ್‌ರೂಮ್ ಇನ್‌ಚಾರ್ಜ್ ಆಗಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಮೊಬೈಲ್ ಫೋನಿನ ಮುಂದಿನ ಕ್ಯಾಮೆರಾ. ಜನ ಕೈ ಚಾಚಿ, ಕತ್ತು ಓರೆ ಮಾಡಿ ತಮ್ಮ ಫೋಟೊ ತಾವೇ ತೆಗೆದುಕೊಳ್ಳುತ್ತಾರಲ್ಲ, ಆ ಸೆಲ್ಫಿ ಕ್ಯಾಮೆರಾ. ಕಡಲೆಬೀಜಕ್ಕಿಂತ ಚಿಕ್ಕದಾದ ಅದನ್ನು ನಾವು ಮಾಡ್ಯೂಲ್ ಎನ್ನುತ್ತೇವೆ.

ನಾನು ಹುಟ್ಟಿದ್ದೂ ದೊಡ್ಡನೆಕ್ಕುಂದಿಯಲ್ಲೇ. ಕಾರ್ಖಾನೆಯ ಹಿಂದಿನ ಗೇಟು ಇರುವ ಕಡೆ ನಮ್ಮ ದೊಡ್ಡಪ್ಪನ ಕಣವಿತ್ತು. ಅವರು ರಾಗಿ ತೂರುವಾಗ ಎದ್ದ ಧೂಳಿನಲ್ಲಿ ಆಡಿ ಬೆಳೆದವಳು, ಮುಂದೆ ಅದೇ ಜಾಗದಲ್ಲಿ ಧೂಳನ್ನು ಅಟ್ಟುವ ಕೆಲಸಕ್ಕೆ ಸಂಬಳ ತೆಗೆದುಕೊಂಡೆ. ಆಪರೇಟರ್ ಆಗಿ ಸೇರಿ ಇನ್‌ಚಾರ್ಜ್ ಆಗುವವರೆಗೆ ಮಾಡಿದ್ದು ಅದೊಂದೇ ಕೆಲಸ. ಹಾಗಾಗಿ ಧೂಳಿನ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈದುಕೊಳ್ಳಬೇಡಿ.

ಕ್ಲೀನ್‌ರೂಮ್ ಎಂದರೆ ಗುಡಿಸಿ ಒರೆಸಿದ ಕೋಣೆ ಎಂದು ಹೊರಗಿನವರು ತಿಳಿಯುತ್ತಾರೆ. ಔಟರ್ ರಿಂಗ್ ರೋಡಿನ ಗಾಳಿಯಲ್ಲಿ ಒಂದು ಘನ ಅಡಿಗೆ ಲಕ್ಷಗಟ್ಟಲೆ ಕಣಗಳು ತೇಲುತ್ತಿರುತ್ತವೆ. ನಮ್ಮ ಕೋಣೆ ‘ಕ್ಲಾಸ್ ಥೌಸಂಡ್’ ದರ್ಜೆಯದು. ಅಂದರೆ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಮೀರಿದ ಕಣಗಳು ಸಾವಿರ ದಾಟುವಂತಿಲ್ಲ. ಒಂದು ತಲೆಗೂದಲಿನ ದಪ್ಪ ಸುಮಾರು ಎಪ್ಪತ್ತು ಮೈಕ್ರಾನ್ ಎಂದರೆ ಅಂದಾಜಾದೀತು. ಇಷ್ಟು ಮಡಿ ಯಾಕೆಂದರೆ, ಮಾಡ್ಯೂಲ್‌ನೊಳಗೆ ಬೆಳಕನ್ನು ಹಿಡಿಯುವ ಸೆನ್ಸರ್ ಎಂಬ ಚಿಪ್ ಇರುತ್ತದೆ. ಅದರ ಮೇಲೆ ಬರಿಗಣ್ಣಿಗೆ ಕಾಣದ ಒಂದು ಕಣ ಕೂತರೂ ಆ ಫೋನಿನಲ್ಲಿ ತೆಗೆದ ಪ್ರತಿಯೊಂದು ಫೋಟೊದಲ್ಲೂ ಅದೇ ಜಾಗದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಅದಕ್ಕೇ ಕೊನೆಯಲ್ಲಿ ಪ್ರತಿ ಮಾಡ್ಯೂಲ್‌ನಿಂದಲೂ ಒಂದು ಬಿಳಿ ಬೆಳಕಿನ ಹಲಗೆಯ ಫೋಟೊ ತೆಗೆಸಿ ನೋಡುತ್ತೇವೆ. ಚುಕ್ಕೆ ಕಂಡರೆ ಆ ಮಾಡ್ಯೂಲ್ ಗುಜರಿಗೆ.

ಒಳಗೆ ಹೋಗುವ ಮುನ್ನ ಗೌನಿಂಗ್ ರೂಮ್ ಸಿಗುತ್ತದೆ. ಅಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಸೂಟು, ಟೋಪಿ, ಮಾಸ್ಕು, ಗ್ಲೌಸು ಹಾಕಿಕೊಂಡರೆ ಕಣ್ಣು ಬಿಟ್ಟು ಬೇರೇನೂ ಕಾಣುವುದಿಲ್ಲ. ಪೌಡರ್, ಕಾಡಿಗೆ, ಲಿಪ್‌ಸ್ಟಿಕ್, ಹೂವು ಎಲ್ಲಕ್ಕೂ ನಿಷೇಧ. ನಮ್ಮ ಹೆಣ್ಣುಮಕ್ಕಳು ಬೆಳಿಗ್ಗೆ ಮುಡಿದು ಬಂದ ಮಲ್ಲಿಗೆಯನ್ನು ಹೊರಗಿನ ಕೊಕ್ಕೆಗಳಿಗೆ ಸಾಲಾಗಿ ನೇತುಹಾಕುತ್ತಿದ್ದರು. ಹಣೆಯ ಸ್ಟಿಕ್ಕರ್ ಕಿತ್ತು ಕನ್ನಡಿಗೆ ಅಂಟಿಸುತ್ತಿದ್ದರು. ಶಿಫ್ಟ್ ಮುಗಿದ ಮೇಲೆ ತಮ್ಮ ತಮ್ಮ ಬೊಟ್ಟು ಇಟ್ಟುಕೊಂಡು, ಹೂವು ಮುಡಿದು ಬಸ್ ಹತ್ತುತ್ತಿದ್ದರು. ಇಷ್ಟು ವರ್ಷದಲ್ಲಿ ಒಬ್ಬರ ಬೊಟ್ಟು ಇನ್ನೊಬ್ಬರಿಗೆ ಹೋದದ್ದನ್ನು ನಾನು ಕಂಡಿಲ್ಲ.

ಭವ್ಯ ಎಂಬ ಹುಡುಗಿ ಟ್ರೇನಿಯಾಗಿ ಸೇರಿದ್ದು ಆಗಲೇ. ಸರ್ಜಾಪುರದ ಆಚೆ ಹಳ್ಳಿ, ಮನೆಯವರದು ಸಣ್ಣ ಗುಲಾಬಿ ತೋಟ, ಪಿಯುಸಿ ಮುಗಿಸಿದ್ದಳು. ವಯಸ್ಸು ಇಪ್ಪತ್ತು. ಅವಳನ್ನು ಮೂರನೇ ಟೇಬಲ್‌ಗೆ ಹಾಕಿದೆ. ಮೈಕ್ರೋಸ್ಕೋಪಿನಲ್ಲಿ ನೋಡುತ್ತ, ಗಾಳಿ ಹೀರುವ ವ್ಯಾಕ್ಯೂಮ್ ಪೆನ್ನಿನಿಂದ ಲೆನ್ಸ್ ಎತ್ತಿ ಅದರ ಗೂಡಿನಲ್ಲಿ ಕೂರಿಸುವುದು ಆ ಟೇಬಲ್‌ನ ಕೆಲಸ. ಒಂದಿಷ್ಟು ವಾಲಿದರೂ ಚಿತ್ರ ಮಸುಕಾಗುತ್ತದೆ. ಎಂಥ ಕೈ ಅಂತೀರಿ ಅವಳದು. ನನ್ನ ಸರ್ವೀಸಿನಲ್ಲಿ ಅಂಥ ಕೈಗಳನ್ನು ಎರಡೇ ನೋಡಿರುವುದು, ಇನ್ನೊಂದು ನನ್ನದು. ವರ್ಷದ ತರಬೇತಿ ಮುಗಿದರೆ ಅವಳ ಕೆಲಸ ಕಾಯಂ ಆಗುವುದಿತ್ತು. ಅವಳ ಮನೆಯವರೆಲ್ಲ ಅದನ್ನೇ ಕಾಯುತ್ತಿದ್ದರು.

ಅವಳದು ಒಂದೇ ವಿಚಿತ್ರ. ಎಲ್ಲರೂ ಮಾಸ್ಕ್ ಬಿಟ್ಟರೂ ಅವಳು ಬಿಟ್ಟಿರಲಿಲ್ಲ. ಕಂಪನಿ ಬಸ್ಸಿನಲ್ಲೂ ಮಾಸ್ಕು, ಅಂಗಳದಲ್ಲೂ ಮಾಸ್ಕು. ಕ್ಯಾಂಟೀನಿನಲ್ಲಿ ಗೋಡೆಗೆ ಮುಖ ಮಾಡಿ ಕೂತು ನಾಲ್ಕು ತುತ್ತು ತಿಂದು, ಮತ್ತೆ ಕಟ್ಟಿಕೊಂಡೇ ಈ ಕಡೆ ತಿರುಗುತ್ತಿದ್ದಳು. ಕಾಯಿಲೆಯ ಭಯ ಇನ್ನೂ ಹೋಗಿಲ್ಲ, ಪಾಪ, ಎಂದುಕೊಂಡು ಸುಮ್ಮನಿದ್ದೆವು.

ಆ ಸಲದ ಆಯುಧಪೂಜೆ ಜೋರಾಗಿ ಆಯಿತು. ಕ್ಲೀನ್‌ರೂಮಿನ ಮೆಷಿನ್‌ಗಳಿಗೆ ಅರಿಸಿನ ಕುಂಕುಮ ಇಡುವಂತಿಲ್ಲ. ಆದರೆ ಪೂಜೆ ಬಿಡುವುದಕ್ಕಾಗುತ್ತದೆಯೇ? ಒಂದು ವ್ಯಾಕ್ಯೂಮ್ ಪೆನ್ನು, ಒಂದು ಹಳೆಯ ಮೈಕ್ರೋಸ್ಕೋಪು, ತಟ್ಟೆಯಲ್ಲಿ ನಾಲ್ಕು ಮಾಡ್ಯೂಲ್ ಹೊರಗೆ ತಂದಿಟ್ಟು ಅವಕ್ಕೆ ಪೂಜೆ ಮಾಡಿ, ಗೇಟಿನ ಮುಂದೆ ಬೂದುಗುಂಬಳ ಒಡೆಯುವುದು ನಮ್ಮ ಪದ್ಧತಿ. ಎಚ್‌ಆರ್ ವಿಭಾಗದ ಶ್ರೇಯಾ ಅವತ್ತು ಸೀರೆ ಉಟ್ಟು ಬಂದ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಕುಣಿಸಿ ಒಂದು ರೀಲ್ ಮಾಡಿ ಕಂಪನಿಯ ಪೇಜಿಗೆ ಹಾಕಿದಳು. “ಒಂದಿನ ತೆಗೀಪ್ಪ, ಚೆನ್ನಾಗ್ ಕಾಣ್ಸಲ್ಲ,” ಎಂದು ಭವ್ಯಳ ಮಾಸ್ಕನ್ನೂ ತೆಗೆಸಿದ್ದಳು. ಎರಡೂ ಕೆನ್ನೆಯ ಮೇಲೆ ಮೊಡವೆ ಬಂದು ಹೋದ ಗುಳಿಗಳು, ಕಂದು ಕಲೆಗಳು ಇದ್ದವು. ನನ್ನ ಮಗಳಿಗೂ ಆ ವಯಸ್ಸಿನಲ್ಲಿ ಇದ್ದವು. ನೋಡಿದೆ, ಮರೆತೆ.

ಹಬ್ಬದ ರಜೆ ಮುಗಿದು ಲೈನ್ ಶುರುವಾದದ್ದೇ ತಡ, ಮಾಡ್ಯೂಲ್‌ಗಳಲ್ಲಿ ಕಪ್ಪು ಚುಕ್ಕೆ ಕಾಣಿಸಿಕೊಂಡವು. ಮೊದಲು ಒಂದೆರಡು, ಆಮೇಲೆ ಟ್ರೇ ಟ್ರೇ ಗುಜರಿಗೆ. ಮುಂದಿನ ತಿಂಗಳು ಕಸ್ಟಮರ್ ಆಡಿಟ್ ಇತ್ತು. ಅಂದರೆ ನಮ್ಮಿಂದ ಕೊಳ್ಳುವ ಕಂಪನಿಯವರು ಬಂದು ಕಾರ್ಖಾನೆಯನ್ನೆಲ್ಲ ಜಾಲಾಡುವುದು. ಪ್ಲಾಂಟ್ ಹೆಡ್ ರಘುರಾಮ್ ಸಾರ್ ನನ್ನನ್ನು ಕರೆದರು. ಒಳ್ಳೆಯ ಮನುಷ್ಯರೇ, ಆದರೆ ಆತುರ ಜಾಸ್ತಿ.

“ಜಯಾ ಮೇಡಂ, ಪೂಜೆ ಆದ್ಮೇಲೇ ಶುರು ಆಗಿದ್ದು ಇದು. ನಿಮ್ ಕುಂಕುಮಾನೇ ಕಣ್ರೀ. ಚಪ್ಪಲಿಗೆ ಅಂಟ್ಕೊಂಡು ಒಳಗ್ ಬಂದಿದೆ. ಮುಂದಿನ್ ವರ್ಷದಿಂದ ಪೂಜೆಗೀಜೆ ಏನೂ ಬೇಡ.”

ಎಲ್ಲರಿಗೂ ಅದೇ ಸರಿ ಎನಿಸಿತು. ದಿನ ಹೊಂದುತ್ತಿತ್ತಲ್ಲ. ನೆಲ ಒರೆಸಿದೆವು, ಗೋಡೆ ಒರೆಸಿದೆವು, ಫಿಲ್ಟರ್‌ಗಳನ್ನು ಪರೀಕ್ಷೆ ಮಾಡಿಸಿದೆವು, ಶೂ ಕವರ್ ಬದಲಾಯಿಸಿದೆವು. ಬೂದುಗುಂಬಳ ಒಡೆದ ಸೆಕ್ಯುರಿಟಿಯವನಿಗೂ ಬೈಗುಳ ಬಿತ್ತು. ಚುಕ್ಕೆ ಮಾತ್ರ ಜಪ್ಪಯ್ಯ ಎಂದರೂ ಹೋಗಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ನನ್ನ ಕೋಣೆಗೆ ನನಗೆ ಗೊತ್ತಿಲ್ಲದ ಧೂಳು ನುಗ್ಗುವುದೆಂದರೆ ಏನು?

ಗುಜರಿಗೆ ಬಿದ್ದ ಮಾಡ್ಯೂಲ್‌ಗಳನ್ನು ತಂದು ನಾನೇ ಬಿಚ್ಚಿ ಮೈಕ್ರೋಸ್ಕೋಪಿಗೆ ಹಿಡಿದೆ. ಕುಂಕುಮವಾಗಿದ್ದರೆ ಕೆಂಪು ಕಾಳು ಕಾಣಬೇಕು. ಇಲ್ಲಿ ಕಂಡದ್ದು ಚಪ್ಪಟೆ ಚೂರುಗಳು, ಗೋಧಿಹಿಟ್ಟಿನ ಬಣ್ಣ, ಬೆಳಕು ತಿರುಗಿಸಿದರೆ ಸಣ್ಣಗೆ ಮಿನುಗುತ್ತಿದ್ದವು. ಮಿನುಗುವುದು ಅಭ್ರಕ. ಮಗಳ ಮದುವೆಯಲ್ಲಿ ಬ್ಯೂಟಿಷಿಯನ್ ಅವಳ ಮುಖಕ್ಕೆ ಬಳಿದು, ನನ್ನ ರೇಷ್ಮೆ ಸೀರೆಯ ಸೆರಗಿಗೂ ಹತ್ತಿಸಿದ್ದಳಲ್ಲ, ಅದೇ ಸಾಮಾನು. ಫೌಂಡೇಶನ್ನು, ಅದರ ಮೇಲೆ ಕಾಂಪ್ಯಾಕ್ಟ್ ಪೌಡರ್. ಯಾರೋ ಮೇಕಪ್ ಮಾಡಿಕೊಂಡು ಒಳಗೆ ಬರುತ್ತಿದ್ದರು.

ಹೀಗೆ ಹುಡುಕುತ್ತ ಹೋದರೆ ಕೆಟ್ಟ ಮಾಡ್ಯೂಲೆಲ್ಲ ಬೆಳಗಿನ ಶಿಫ್ಟಿನ ಮೂರನೇ ಟೇಬಲ್‌ನವೇ. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಅವತ್ತು ಶಿಫ್ಟ್ ಬಿಟ್ಟ ಮೇಲೆ ಗೌನಿಂಗ್ ರೂಮಿನಲ್ಲಿ ಮಾಸ್ಕ್ ಬಿಸಾಡುವ ಡಬ್ಬಿಯ ಪಕ್ಕ ನಿಂತೆ. ಭವ್ಯ ಹಾಕಿ ಹೋದ ಮಾಸ್ಕನ್ನು ಎತ್ತಿ ತಿರುಗಿಸಿದರೆ, ಒಳಗಡೆ ಎರಡು ಕೆನ್ನೆಯ ಗುರುತು ಅಚ್ಚೊತ್ತಿದ ಹಾಗೆ ಕಂದು ಬಣ್ಣ. ಅವಳು ಮೈಕ್ರೋಸ್ಕೋಪಿನ ಮೇಲೆ ಬಾಗಿ ಉಸಿರು ಬಿಟ್ಟಾಗಲೆಲ್ಲ ಮಾಸ್ಕಿನ ಮೇಲಂಚಿನಿಂದ ಆ ಪುಡಿ ಲೆನ್ಸಿನ ಮೇಲೆ ಉದುರುತ್ತಿತ್ತು.

ಮಾರನೆಯ ದಿನ ಅವಳನ್ನು ನನ್ನ ಕ್ಯಾಬಿನ್‌ಗೆ ಕರೆದು ಬಾಗಿಲು ಹಾಕಿದೆ. ನನ್ನ ಬಾಯಿ ಸ್ವಲ್ಪ ಜೋರು, ಕಾರ್ಖಾನೆಗೆಲ್ಲ ಗೊತ್ತು.

“ಏನಮ್ಮ ಇದು?” ಮಾಸ್ಕನ್ನು ಮೇಜಿನ ಮೇಲಿಟ್ಟೆ.

“ಕ್ರೀಮು ಮೇಡಂ.”

“ನಂಗೇ ಕತೆ ಹೇಳ್ಬೇಡ. ಫೌಂಡೇಶನ್ ಇದು. ಮುಖಾನೇ ಕಾಣದಿರೋ ಜಾಗಕ್ಕೆ ಯಾರ್ ನೋಡ್ಲಿ ಅಂತ ಹಾಕ್ಕೊಂಡ್ ಬರ್ತೀಯ?”

“ನಾನೇ ಮೇಡಂ. ಗೌನಿಂಗ್ ರೂಮಲ್ಲಿ ಕನ್ನಡಿ ಐತಲ್ಲ.”

ಆ ಮಾತಿಗೆ ನನ್ನ ಜೋರೆಲ್ಲ ಇಳಿದುಹೋಯಿತು. ಕೂತುಕೋ ಎಂದೆ. ಅವಳು ಮಾಸ್ಕ್ ತೆಗೆಯದೆಯೇ ನಿಧಾನವಾಗಿ ಹೇಳಿದಳು. ಪಿಯುಸಿಯ ಪಾಠವೆಲ್ಲ ಫೋನಿನಲ್ಲೇ ಆಗಿತ್ತಂತೆ. ಮೇಷ್ಟರ ಮುಖಕ್ಕಿಂತ ಮೂಲೆಯ ಚೌಕದಲ್ಲಿ ಕಾಣುವ ತನ್ನ ಮುಖವನ್ನೇ ದಿನವಿಡೀ ನೋಡುತ್ತ ಕೂತಿರುತ್ತಿದ್ದಳಂತೆ. ಮೊಡವೆ ಅದೇ ಹೊತ್ತಿಗೆ ಶುರುವಾಯಿತು. ಗೆಳತಿಯೊಬ್ಬಳು ಫಿಲ್ಟರ್ ಹಾಕುವುದನ್ನು ಕಲಿಸಿದಳು. ಒತ್ತಿದರೆ ಕಲೆ ಮಾಯ, ಮೂಗು ಸಣ್ಣ, ಬಣ್ಣ ಬಿಳಿ. ಆ ಮುಖದಲ್ಲೇ ತನ್ನದೊಂದು ಪೇಜ್ ಮಾಡಿದಳು. ಊರಿನ ಹುಡುಗಿಯರೆಲ್ಲ ಚೆನ್ನಾಗಿದ್ದೀಯ ಎಂದರು. ಕಾಲೇಜು ತೆರೆಯುವ ಹೊತ್ತಿಗೆ ಅವಳಿಗೆ ಆ ಮುಖವೇ ತನ್ನದು, ಕನ್ನಡಿಯಲ್ಲಿರುವುದು ಯಾವುದೋ ಕಾಯಿಲೆಯ ಮುಖ ಎನಿಸಿಬಿಟ್ಟಿತ್ತು.

“ಅದುಕ್ಕೇ ಮೇಡಂ ಇಲ್ಲಿಗ್ ಸೇರ್ಕಂಡಿದ್ದು. ಇಂಟರ್‌ವ್ಯೂನಲ್ಲಿ ಹೇಳಿದ್ರು, ಇಡೀ ದಿನ ಮುಖ ಮುಚ್ಕಂಡೇ ಇರ್ಬೇಕು ಅಂತ. ಎಷ್ಟ್ ಖುಷಿ ಆಯ್ತು ಗೊತ್ತಾ.”

ಆಮೇಲೆ ಅವಳು ಫೋನ್ ತೆಗೆದು ಶ್ರೇಯಾ ಮಾಡಿದ ಆಯುಧಪೂಜೆಯ ರೀಲ್ ತೋರಿಸಿದಳು. ಅದರ ಕೆಳಗೆ ಅವಳ ಊರಿನ ಹುಡುಗಿಯೊಬ್ಬಳು ಬರೆದಿದ್ದಳು: “ಇದು ಭವ್ಯನಾ? ಅಂಗಾರೆ ಪೇಜಲ್ಲಿರೋಳು ಯಾರು?” ಅದರ ಕೆಳಗೆ ನಗುವ ಬೊಂಬೆಗಳ ಸಾಲೇ ಸಾಲು. ರಜೆ ಮುಗಿದ ದಿನದಿಂದಲೇ ಅವಳು ದಪ್ಪಗೆ ಬಳಿದುಕೊಂಡು ಬರಲು ಶುರು ಮಾಡಿದ್ದು.

ರಘುರಾಮ್ ಸಾರ್ ಹೇಳಿದ ದಿನ ಸರಿಯಾಗಿಯೇ ಇತ್ತು, ಪುಡಿ ಮಾತ್ರ ಬೇರೆ. ಎಲ್ಲ ಶುರುವಾದದ್ದು ಪೂಜೆಯ ದಿನವೇ, ನಮ್ಮ ಅಂಗಳದಲ್ಲೇ, ನಮ್ಮ ಪೇಜಿನಲ್ಲೇ.

“ನಾಳೆಯಿಂದ ಮುಖ ತೊಳ್ಕೊಂಡ್ ಬಾ,” ಎಂದೆ.

“ಆಗಲ್ಲ ಮೇಡಂ. ಅಂಗಂದ್ರೆ ಕೆಲ್ಸಾನೇ ಬಿಡ್ತೀನಿ.” ಅಳಲಿಲ್ಲ, ಸಿಟ್ಟು ಮಾಡಲಿಲ್ಲ. ಎದ್ದು ಹೋದಳು. ಮರುದಿನ ಬಸ್ಸಿಗೆ ಬರಲಿಲ್ಲ.

ರಘುರಾಮ್ ಸಾರ್‌ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ತಲೆ ಚಚ್ಚಿಕೊಂಡರು. “ಟ್ರೇನಿ ತಾನೇ? ಅವಳೇ ಬಿಟ್ಟಿದ್ರೆ ಇನ್ನೂ ಒಳ್ಳೇದಾಯ್ತು. ರೂಲ್ ಅಂದ್ರೆ ರೂಲು. ಬೇರೆಯವ್ರನ್ನ ಕೂರ್ಸಿ.”

“ಕೂರಿಸ್ಬೋದು ಸಾರ್. ಆ ಕೈ ಎಲ್ಲಿಂದ ತರ್ತೀರ? ಅಲ್ಲದೇ ಇರೋ ಹುಡುಗೀರೆಲ್ಲಾ ಇದೇ ವಯಸ್ಸಿನೋರು, ಎಲ್ಲರ ಕೈಯಲ್ಲೂ ಇದೇ ಫೋನು. ಇವತ್ತು ಇವಳು, ನಾಳೆ ಇನ್ನೊಬ್ಬಳು. ಎಷ್ಟ್ ಜನಾನ ಕಳಿಸ್ತೀರ?”

ಕ್ಯಾಲೆಂಡರ್ ಎಳೆದುಕೊಂಡು ಆಡಿಟ್‌ಗೆ ಉಳಿದ ದಿನ ಎಣಿಸಿದರು. ಆಮೇಲೆ ಆಡಿಟ್‌ವರೆಗೆ ಸಮಯ ಕೊಟ್ಟರು. ಅಷ್ಟರೊಳಗೆ ಅವಳ ಟೇಬಲ್‌ನಿಂದ ಮತ್ತೆ ಪುಡಿ ಸಿಕ್ಕರೆ ಅವಳು ಹೊರಗೆ. ಸಿಗದಿದ್ದರೆ, ಆಡಿಟ್ ಚೆನ್ನಾಗಿ ಆದರೆ, ಕಾಯಂ ಮಾಡುವುದನ್ನು ನೋಡೋಣ ಎಂದರು. ಅಲ್ಲಿಂದ ಸೀದಾ ಶ್ರೇಯಾ ಹತ್ತಿರ ಹೋಗಿ ಪೇಜಿನಿಂದ ಆ ರೀಲ್ ತೆಗೆಸಿಹಾಕಿದೆ. ಅದರ ಕೆಳಗೆ ಬಂದ ಕಾಮೆಂಟುಗಳನ್ನು ಅವಳು ಓದಿಯೇ ಇರಲಿಲ್ಲ. ಓದಿ ಮುಖ ಸಣ್ಣದು ಮಾಡಿಕೊಂಡಳು. ಕೇಳದೆ ಯಾರ ಮುಖವನ್ನೂ ಇನ್ನು ಪೇಜಿಗೆ ಹಾಕುವುದಿಲ್ಲ ಎಂದು ತಾನಾಗಿಯೇ ಹೇಳಿದಳು.

ಸಂಜೆ ಭವ್ಯಳಿಗೆ ಫೋನ್ ಮಾಡಿದೆ. “ನಾಳೆ ಬಸ್ ಹತ್ತು. ಮುಖಕ್ಕೆ ಏನ್ ಬೇಕಾದ್ರೂ ಬಳ್ಕೊಂಡ್ ಬಾ, ನಾನ್ ಕೇಳಲ್ಲ. ಕ್ಲೀನ್‌ರೂಮಿಗೆ ಬರ್ಬೇಡ, ಟೆಸ್ಟ್ ಲ್ಯಾಬಿಗೆ ಬಾ. ಬಂದು ನೋಡಿ, ಆಮೇಲೂ ಬಿಡ್ತೀನಿ ಅಂದ್ರೆ ಬಿಡು.” ಅವಳು ಫೋನ್ ಇಟ್ಟುಬಿಟ್ಟಳು. ಬರುತ್ತಾಳೋ ಇಲ್ಲವೋ ಎಂದು ಅವತ್ತು ಊಟ ಸೇರಲಿಲ್ಲ. ಬಂದಳು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಹುಡುಗಿಯರು ಲಕ್ಷಗಟ್ಟಲೆ ಕ್ಯಾಮೆರಾ ಜೋಡಿಸಿದ್ದರು, ಆದರೆ ಅದರಲ್ಲಿ ಒಂದು ಮುಖವನ್ನೂ ನೋಡಿರಲಿಲ್ಲ. ಟೆಸ್ಟಿನಲ್ಲಿ ಮಾಡ್ಯೂಲ್ ನೋಡುವುದು ಬಿಳಿ ಹಲಗೆಯನ್ನು ಮಾತ್ರ. ಮಾಡ್ಯೂಲ್ ತೆಗೆದ ಚಿತ್ರಕ್ಕೆ ರಾ ಇಮೇಜ್ ಎನ್ನುತ್ತಾರೆ, ಅಡುಗೆ ಮಾಡದ ಹಸಿ ತರಕಾರಿಯ ಹಾಗೆ. ಅದಕ್ಕೆ ಬಣ್ಣ ಕೊಟ್ಟು, ನಯ ಮಾಡಿ, ಕಲೆ ಅಳಿಸುವುದೆಲ್ಲ ಆಮೇಲೆ ಫೋನಿನೊಳಗಿನ ಸಾಫ್ಟ್‌ವೇರ್. ನಾವು ಫಿಲ್ಟರ್ ಹಾಕುವ ಮೊದಲೇ ಒಂದು ಸುತ್ತು ತಿದ್ದುವಿಕೆ ಆಗಿರುತ್ತದೆ. ಇದು ಟೆಸ್ಟ್ ಎಂಜಿನಿಯರ್‌ಗಳಿಗೆ ಗೊತ್ತು. ಲೆನ್ಸ್ ಕೂರಿಸುವ ಹುಡುಗಿಯರಿಗೆ ಯಾರೂ ಹೇಳಿರಲಿಲ್ಲ.

ಟೆಸ್ಟ್ ಲ್ಯಾಬಿನ ಕಾರ್ತಿಕ್ ನೋಡಲು ಲಕ್ಷಣವಾದ ಹುಡುಗ. ಅವನು ಕ್ಯಾಂಟೀನಿಗೆ ಬಂದರೆ ಹುಡುಗಿಯರ ಗುಸುಗುಸು ಶುರುವಾಗುತ್ತಿತ್ತು. ಬೇಕೆಂದೇ ಬೆಳಗಿನ ಶಿಫ್ಟಿನ ಆರೇಳು ಹುಡುಗಿಯರನ್ನು ಭವ್ಯಳ ಜೊತೆ ಲ್ಯಾಬಿನಲ್ಲಿ ಕೂರಿಸಿದೆ. ಮಾಡ್ಯೂಲ್ ಮುಂದಿನ ಬಿಳಿ ಹಲಗೆ ಪಕ್ಕಕ್ಕಿಡಿಸಿ, “ಮೊದ್ಲು ನೀನ್ ಕೂತ್ಕೊಳಪ್ಪ,” ಎಂದೆ. ಪರದೆಯ ಮೇಲೆ ಕಾರ್ತಿಕ್ ಮೂಡಿದ. ಹಸಿರು ಹಸಿರು ಬಣ್ಣ, ಮೂಗಿನ ಮೇಲೆ ರಂಧ್ರ ರಂಧ್ರ, ಗಲ್ಲದಲ್ಲಿ ಎರಡು ಮೊಡವೆ, ಕಣ್ಣಿನ ಕೆಳಗೆ ಚೀಲ.

“ಅಯ್ಯೋ ಕಾರ್ತಿಕ್ ಸಾರ್, ಉಪ್ಪಿನಕಾಯಿ ಮಾವಿನ್ ಥರ ಇದೀರ,” ಎಂದಳು ಒಬ್ಬಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ಆಮೇಲೆ ನಾನು ಕೂತೆ. ನನ್ನ ಮುಖದ ವಿವರ ಇಲ್ಲಿ ಬೇಡ. ಒಬ್ಬೊಬ್ಬರಾಗಿ ಎಲ್ಲ ಹುಡುಗಿಯರೂ ಕೂತರು. ಯಾರಿಗೂ ಹುಣಸೆಬೀಜದ ಹಾಗೆ ನುಣ್ಣಗಿನ ಮುಖ ಇರಲಿಲ್ಲ. ಎಲ್ಲರಿಗೂ ಅಲ್ಲಲ್ಲಿ ಗುಳಿ, ಗೀರು, ಚುಕ್ಕೆ, ಮೀಸೆಯ ನೆರಳು. ನಗು ನಿಂತು ಒಂದು ಥರದ ಸಮಾಧಾನ ಕೋಣೆಯಲ್ಲಿ ಹರಡಿತು.

ಭವ್ಯ ಮಾತ್ರ ಮೂಲೆಯಲ್ಲಿದ್ದಳು. “ಎಲ್ಲಾರ್ದೂ ಇಂಗೇ ಅಂತ ಗೊತ್ತಾಯ್ತು ಮೇಡಂ,” ಎಂದಳು ಮೆಲ್ಲಗೆ. “ಆದ್ರೂ ನಂದು ನಂದೇ ಅಲ್ವಾ.”

ಹೌದು ಎಂದೆ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ, ಅವಳ ಕಲೆಗಳು ಉಳಿದವರಿಗಿಂತ ಹೆಚ್ಚೇ ಇದ್ದವು. ಉಳಿದವರನ್ನು ಕಳಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಎದ್ದು ಹೋಗಿ ಲ್ಯಾಬಿನ ನಲ್ಲಿಯಲ್ಲಿ ಮುಖ ತೊಳೆದು, ಸೆರಗಿಲ್ಲದ ಚೂಡಿದಾರಿನ ತೋಳಿನಿಂದಲೇ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತಳು. ಕಾರ್ತಿಕ್ ಟೆಸ್ಟ್ ಮಾಡುವ ಬೆಂಚಿಗೆ ಇನ್ನೊಂದು ಮಾಡ್ಯೂಲ್ ಹಾಕಿದ. ಪರದೆಯ ಮೇಲೆ ಅವಳ ಮುಖ ಬಂತು. ಅವಳು ತಲೆ ತಗ್ಗಿಸಿಬಿಟ್ಟಳು.

ಕಾರ್ತಿಕ್ ನೋಡುತ್ತಿದ್ದದ್ದು ಬೇರೇನನ್ನೋ. ಪರದೆಗೆ ಮೂಗು ತಾಗುವಷ್ಟು ಬಗ್ಗಿ, “ಮೇಡಂ, ಫೋಕಸ್ ನೋಡಿ. ಮೂಲೆಯಿಂದ ಮೂಲೆಗೆ ಶಾರ್ಪ್ ಇದೆ. ರೆಪ್ಪೆ ಕೂದ್ಲು ಎಣಿಸ್ಬೋದು,” ಎಂದ. ಆಮೇಲೆ ಟ್ರೇ ನೋಡಿ, “ಪೂಜೆಗೆ ಮುಂಚಿನ ಲಾಟು. ಮೂರನೇ ಟೇಬಲ್‌ದು.”

ಭವ್ಯ ತಲೆ ಎತ್ತಿದಳು. “ಇದು ನಾನ್ ಕೂರ್ಸಿದ್ ಲೆನ್ಸಾ?”

“ಇನ್ಯಾರು ಕೂರಿಸ್ತಾರೆ ಹಿಂಗೆ? ಮೊದ್ಲು ಹಾಕಿದ್ ಪೀಸಲ್ಲಿ ನನ್ ಮುಖದ ಮೂಲೇಲೆಲ್ಲ ಮಸುಕು. ನೋಡಿಲ್ವಾ?”

ಅವಳು ಕುರ್ಚಿ ಮುಂದೆ ಎಳೆದುಕೊಂಡಳು. ಕೆನ್ನೆಯ ಪ್ರತಿಯೊಂದು ಗುಳಿ, ಪ್ರತಿಯೊಂದು ಕಲೆ ಅಂಚು ಸಮೇತ ಕಾಣುತ್ತಿತ್ತು. ಅಷ್ಟು ಸ್ಪಷ್ಟವಾಗಿ ಕಾಣುವಂತೆ ಮಾಡಿದ್ದು ಅವಳ ಕೈಯೇ. ಬಹಳ ಹೊತ್ತು ನೋಡಿದಳು. ಮುಖ ನೋಡುತ್ತಿದ್ದಳೋ ಕೆಲಸ ನೋಡುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ. “ಎಡಗಡೆ ಅಂಚಲ್ಲಿ ಒಂಚೂರು ವಾಲೈತೆ ಸಾರ್,” ಎಂದಳು ಕೊನೆಗೆ. ನಾನು ಮತ್ತು ಕಾರ್ತಿಕ್ ಎಷ್ಟು ಕಣ್ಣು ಕಿರಿದು ಮಾಡಿದರೂ ನಮಗೆ ಆ ವಾಲು ಕಾಣಲಿಲ್ಲ.

ಆ ವಾರವೇ ಟಿಶ್ಯೂ ಪದ್ಧತಿ ತಂದೆ. ಗೌನಿಂಗ್ ರೂಮಿನ ಬಾಗಿಲಲ್ಲಿ ಬಿಳಿ ದೀಪದ ಕೆಳಗೆ ಪ್ರತಿಯೊಬ್ಬರೂ ಬಿಳಿ ಟಿಶ್ಯೂನಿಂದ ಕೆನ್ನೆ ಒರೆಸಿ ತೋರಿಸಬೇಕು. ಬಣ್ಣ ಕಂಡರೆ ಹೋಗಿ ತೊಳೆದು ಬರಬೇಕು. ಮೊದಲ ದಿನ ಎಲ್ಲರ ಮುಂದೆ ಗತ್ತಿನಿಂದ ನಾನೇ ಮೊದಲು ಒರೆಸಿಕೊಂಡೆ. ಟಿಶ್ಯೂ ಹಳದಿಯಾಯಿತು. ಅವತ್ತು ಶುಕ್ರವಾರ, ಬೆಳಿಗ್ಗೆ ಅರಿಸಿನ ಹಚ್ಚಿ ಸ್ನಾನ ಮಾಡಿ ಬಂದಿದ್ದೆ. ಹುಡುಗಿಯರ ನಗು ನಿಲ್ಲುವ ಹೊತ್ತಿಗೆ ನಾನು ವಾಶ್‌ರೂಮಿನಲ್ಲಿದ್ದೆ. ಅಲ್ಲಿಂದಲೇ ಒಂದು ನಿಯಮ ಹುಟ್ಟಿತು: ಪರೀಕ್ಷೆ ಮಾಡುವವರು ಮೊದಲು ತಮ್ಮ ಕೆನ್ನೆ ಒರೆಸಿ ತೋರಿಸಬೇಕು, ಆಮೇಲೆ ಬೇರೆಯವರದನ್ನು ಕೇಳಬೇಕು. ಬಾಗಿಲಲ್ಲಿ ನಿಂತು ಪರೀಕ್ಷಿಸುವ ಕೆಲಸ ವಾರಕ್ಕೊಂದು ಟೇಬಲ್‌ನವರಿಗೆ ಸರದಿಯಲ್ಲಿ ಬರುತ್ತಿತ್ತು.

ಭವ್ಯ ವಾಪಸ್ ಬಂದಳು, ಆದರೆ ಎಲ್ಲವೂ ಒಂದೇ ದಿನಕ್ಕೆ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಸಾಲಿನಲ್ಲಿ ಕೊನೆಯವಳಾಗಿ ಬಂದು, ಮಾಸ್ಕನ್ನು ಒಂದು ಬದಿ ಮಾತ್ರ ಇಳಿಸಿ, ಚಕ್ಕನೆ ಒರೆಸಿ ಮುಚ್ಚಿಕೊಳ್ಳುತ್ತಿದ್ದಳು. ಬಸ್ಸಿನಲ್ಲಿ ಮಾಸ್ಕ್ ಇದ್ದೇ ಇತ್ತು. ಕಂಪನಿ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಮುಲಾಮು ಕೊಟ್ಟು, ದಪ್ಪ ಮೇಕಪ್ಪೇ ಮೊಡವೆಯನ್ನು ಹೆಚ್ಚು ಮಾಡುತ್ತಿತ್ತು ಎಂದರು. ಊಟ ಬಿಡಬೇಡ, ನಿದ್ದೆ ಮಾಡು, ಮನಸ್ಸಿಗೆ ಭಾರವಾದರೆ ಬಂದು ಮಾತಾಡು ಎಂದೂ ಹೇಳಿದರು. ಚುಕ್ಕೆ ಬೀಳುವುದು ನಿಂತಿತು.

ಆಡಿಟ್ ಬಂತು. ಬಾಗಿಲ ಸರದಿ ಆ ವಾರ ಮೂರನೇ ಟೇಬಲ್‌ನದು. ರಘುರಾಮ್ ಸಾರ್ ನನ್ನನ್ನು ಪಕ್ಕಕ್ಕೆ ಕರೆದು, “ಇವತ್ತೊಂದಿನ ಬೇರೆಯವ್ರನ್ನ ನಿಲ್ಸಿ,” ಎಂದರು.

“ಸರದಿ ಅಂದ್ರೆ ಸರದಿ ಸಾರ್. ರೂಲ್ ಅಂದ್ರೆ ರೂಲು ಅಂತ ನೀವೇ ಹೇಳಿದ್ರಿ.” ಹೊರಗೆ ಹಾಗೆಂದೆ, ಒಳಗೆ ನನಗೂ ಧೈರ್ಯವಿರಲಿಲ್ಲ.

ಆಡಿಟರ್ ಆಗಿ ಬಂದವರು ಒಬ್ಬರು ಮೇಡಂ, ಉತ್ತರದ ಕಡೆಯವರು, ಏರ್‌ಪೋರ್ಟಿನಿಂದ ಸೀದಾ ಬಂದಿದ್ದರು. ಅಚ್ಚುಕಟ್ಟಾದ ಉಡುಪು, ಅಚ್ಚುಕಟ್ಟಾದ ಮುಖ. ಅವರ ಹಿಂದೆ ರಘುರಾಮ್ ಸಾರ್, ಅವರ ಹಿಂದೆ ಅರ್ಧ ಕಾರ್ಖಾನೆ. ಬಾಗಿಲಲ್ಲಿ ಬಿಳಿ ದೀಪದ ಕೆಳಗೆ ಭವ್ಯ ನಿಂತಿದ್ದಳು. ಒಂದು ಕ್ಷಣ ನನ್ನ ಕಡೆ ನೋಡಿದಳು. ಆಮೇಲೆ ಎರಡೂ ಕೈಯಿಂದ ಮಾಸ್ಕ್ ಕಳಚಿ ಪಕ್ಕಕ್ಕಿಟ್ಟಳು. ಒಂದು ಬದಿ ಮಾತ್ರ ಇಳಿಸಲಿಲ್ಲ, ಪೂರ್ತಿ ಕಳಚಿದಳು. ಟಿಶ್ಯೂ ತೆಗೆದು ಮೊದಲು ಬಲಗೆನ್ನೆ, ಆಮೇಲೆ ಎಡಗೆನ್ನೆ ನಿಧಾನವಾಗಿ ಒರೆಸಿ, ದೀಪಕ್ಕೆ ಹಿಡಿದು ಎಲ್ಲರಿಗೂ ತೋರಿಸಿದಳು. ಅಚ್ಚ ಬಿಳಿ. ಆಮೇಲೆ ಹೊಸ ಟಿಶ್ಯೂ ತೆಗೆದು ಆಡಿಟರ್ ಮೇಡಂ ಕೈಗೆ ಕೊಟ್ಟಳು.

ಅವರು ಒರೆಸಿಕೊಂಡರು. ಟಿಶ್ಯೂ ಗೋಧಿಹಿಟ್ಟಿನ ಬಣ್ಣಕ್ಕೆ ತಿರುಗಿತು. ರಘುರಾಮ್ ಸಾರ್ ಹಣೆ ಒತ್ತಿಕೊಂಡರು.

“ಮೇಡಂ, ಫೇಸ್ ವಾಶ್ ಪ್ಲೀಸ್,” ಎಂದಳು ಭವ್ಯ. “ವಾಶ್‌ರೂಮ್ ಆ ಕಡೆ ಐತೆ. ನಾನ್ ಇಲ್ಲೇ ಕಾಯ್ತಿರ್ತೀನಿ.”

ಆ ಮೇಡಂ ಅವಳ ಮುಖವನ್ನೇ ನೋಡಿದರು. ಕಲೆಗಳನ್ನು ನೋಡಿದರೋ ಏನೋ, ನಾನು ಹೇಳಲಾರೆ. ಆಮೇಲೆ ಹೋಗಿ ಮುಖ ತೊಳೆದು ಬಂದರು. ಕಣ್ಣಿನ ಕೆಳಗೆ ಕಪ್ಪು, ಮೂಗಿನ ಪಕ್ಕ ಸಣ್ಣ ಸಣ್ಣ ಮಚ್ಚೆ. ಹತ್ತು ವರ್ಷ ಚಿಕ್ಕವರಾದ ಹಾಗೆ ಕಂಡರು ನನಗೆ. ಮತ್ತೆ ಟಿಶ್ಯೂನಿಂದ ಒರೆಸಿ ಬಿಳಿ ತೋರಿಸಿದ ಮೇಲೆಯೇ ಭವ್ಯ ಬಾಗಿಲು ಬಿಟ್ಟದ್ದು. ಒಳಗೆಲ್ಲ ನೋಡಿ ಹೊರಗೆ ಬಂದ ಮೇಲೆ ಆ ಮೇಡಂ ರಘುರಾಮ್ ಸಾರ್‌ಗೆ ಹೇಳಿದ್ದು ಇಷ್ಟು: ಎಷ್ಟೋ ಕಾರ್ಖಾನೆಗೆ ಹೋಗಿದ್ದೇನೆ, ನನ್ನನ್ನು ಬಾಗಿಲಲ್ಲಿ ತಡೆದವರು ಇವಳೊಬ್ಬಳೇ.

ಆ ಮಾತು ಕೇಳಿ ನನ್ನ ಕಣ್ಣು ತುಂಬಿಬಂತು. ನನ್ನ ಮಗಳು ಓದಿ ಪಾಸಾದಾಗ ಆದಷ್ಟೇ ಹೆಮ್ಮೆ, ಒಂದು ತೂಕ ಹೆಚ್ಚೇ. ಭವ್ಯಳ ಕೆಲಸ ಕಾಯಂ ಆಯಿತು. ಆರ್ಡರ್ ಕೊಟ್ಟದ್ದು ರಘುರಾಮ್ ಸಾರ್ ಕೈಯಿಂದಲೇ. ಮುಂದಿನ ವರ್ಷ ಆಯುಧಪೂಜೆಯೂ ನಡೆಯಿತು, ಬೂದುಗುಂಬಳವನ್ನು ಅವರೇ ಒಡೆದರು.

ಇಷ್ಟು ವರ್ಷ ಧೂಳಿನ ಹಿಂದೆ ಓಡಾಡಿ ನಾನು ಕಲಿತದ್ದು ಒಂದೇ. ಧೂಳು ಬಿದ್ದ ಜಾಗವನ್ನು ಒರೆಸಿದರೆ ನಾಳೆ ಮತ್ತೆ ಬೀಳುತ್ತದೆ. ಅದು ಯಾವ ಬಾಗಿಲಿಂದ ಬಂತೆಂದು ಹುಡುಕಿಕೊಂಡು ಹೋಗಬೇಕು, ಹೋದಾಗ ಆ ಬಾಗಿಲು ನಮ್ಮದೇ ಆಗಿದ್ದರೂ ಒಪ್ಪಿಕೊಳ್ಳಬೇಕು. ಹುಡುಗಿಯನ್ನು ಕಳಿಸಿಬಿಟ್ಟಿದ್ದರೆ ನಾವು ಟೇಬಲ್ ಒರೆಸಿದ ಹಾಗಾಗುತ್ತಿತ್ತು, ಅಷ್ಟೇ.

ಅವಳ ಆ ಪೇಜ್ ಏನಾಯಿತು ಎಂದು ನಾನು ಕೇಳಲಿಲ್ಲ. ಮುಲಾಮಿನಿಂದ ಕಲೆ ಸ್ವಲ್ಪ ತಿಳಿಯಾದವು, ಪೂರ್ತಿ ಹೋಗಲಿಲ್ಲ. ನಾನು ನಿವೃತ್ತಳಾದ ದಿನ ಗೌನಿಂಗ್ ರೂಮಿನ ಮುಂದೆ, ಮಲ್ಲಿಗೆ ನೇತುಹಾಕಿದ ಕೊಕ್ಕೆಗಳ ಕೆಳಗೆ ಎಲ್ಲರೂ ಫೋಟೊಗೆ ನಿಂತೆವು. ಭವ್ಯ ಮುಂದಿನ ಸಾಲಿನಲ್ಲಿ, ನನ್ನ ಪಕ್ಕ, ಹೂವು ಮುಡಿದು ನಿಂತಿದ್ದಳು. ಮಾಸ್ಕ್ ಇರಲಿಲ್ಲ. ಶ್ರೇಯಾ ಈಗ ಹುಷಾರಾಗಿದ್ದಳಲ್ಲ, ಎಲ್ಲರನ್ನೂ ಕೇಳಿಯೇ ಫೋನ್ ಹಿಡಿದಳು. ನಮ್ಮಲ್ಲಿ ತಯಾರಾದ ಕ್ಯಾಮೆರಾ ಇರುವ ಫೋನ್ ಅದು. ಸೆಲ್ಫಿಗೆ ಕೈ ಚಾಚಿ, ಪರದೆ ನೋಡಿ, “ಸ್ವಲ್ಪ ಸಾಫ್ಟ್ ಮಾಡ್ಲಾ?” ಎಂದಳು.

ಯಾರಿಗಿಂತಲೂ ಮೊದಲು ಭವ್ಯ ಹೇಳಿದಳು. “ಬ್ಯಾಡ ಮೇಡಂ, ಅಂಗೇ ಇರ್ಲಿ. ಲೆನ್ಸ್ ನಾನೇ ಕೂರ್ಸಿರೋದು.”

ಆ ಫೋಟೊ ನಮ್ಮ ಮನೆಯ ಹಾಲಿನಲ್ಲಿದೆ. ನನ್ನ ಸುಕ್ಕುಗಳೆಲ್ಲ ಎಣಿಸಿ ಇಟ್ಟ ಹಾಗೆ ಕಾಣುತ್ತವೆ. ಬಂದವರಿಗೆಲ್ಲ ಕರೆದು ತೋರಿಸುತ್ತೇನೆ.